ಅತ್ತೆಯ ಪಕ್ಕದ ಕುರ್ಚಿಯ ಪ್ರಧಾನಿ

ಈ ಪರದೇಶದ ಊರಿನಲ್ಲಿ ನಾವು ಸೆಂಗ್‌ಕಾಂಗ್ ಬಡಾವಣೆ ಬಿಟ್ಟು ಯಿಶುನ್‌ಗೆ ಶಿಫ್ಟ್ ಆದ ವರ್ಷವೇ ನಮ್ಮತ್ತೆಯ ಕಿಡ್ನಿ ಕೈಕೊಟ್ಟವು. ಹತ್ತಿರದ ಅಪಾರ್ಟ್‌ಮೆಂಟ್ ಬ್ಲಾಕ್‌ನ ಕೆಳಗೆ, ವಾಯ್ಡ್ ಡೆಕ್ ಎನ್ನುವ ನೆಲಮಹಡಿಯ ತೆರೆದ ಜಾಗದಲ್ಲಿ ಒಂದು ಡಯಾಲಿಸಿಸ್ ಕೇಂದ್ರವಿತ್ತು. ದಿನ ಬಿಟ್ಟು ದಿನ ಅವರನ್ನು ಅಲ್ಲಿಗೆ ಕರೆದೊಯ್ದು, ಮುಗಿಯುವವರೆಗೂ ಹೊರಗಿನ ಬೆಂಚಿನಲ್ಲಿ ಕಾಯುವುದು ನನ್ನ ಕೆಲಸ.

ಅಲ್ಲೇ ಒಬ್ಬ ಆಂಟಿಯ ಪರಿಚಯವಾಯಿತು. ಮೈಸೂರಿನವರು. ಅಲ್ಲಿನ ಕಾಲೇಜಿನಲ್ಲಿ ಜೊತೆಗೆ ಓದುತ್ತಿದ್ದ ಹೊರದೇಶದ ಹುಡುಗನನ್ನು ಮದುವೆಯಾಗಿ ಆತನ ದೇಶಕ್ಕೆ ಹೋದವರು. ಯಾವ ದೇಶ ಎಂದು ಬರೆಯುವುದಿಲ್ಲ. ಒಳಗೆ ಅತ್ತೆಯ ಪಕ್ಕದ ಕುರ್ಚಿಯಲ್ಲಿ ಮಲಗುತ್ತಿದ್ದ ಅಂಕಲ್ ಅವರ ಗಂಡ. ಜೀವನವಿಡೀ ವಿರೋಧ ಪಕ್ಷದಲ್ಲೇ ಇದ್ದರು, ಒಂದು ದಿನವೂ ಮಂತ್ರಿಯಾಗಲಿಲ್ಲ. ಸರ್ಕಾರ ಹಾಕಿದ ಜೈಲಿನಲ್ಲಿ ಔಷಧಿ ಸಿಗದೆ ಕಿಡ್ನಿ ಹಾಳಾಯಿತು ಎಂದು ಆಂಟಿ ಹೇಳಿದ್ದರು. ಈಗ ಇಲ್ಲಿ ಮಗಳ ಮನೆಯಲ್ಲಿದ್ದುಕೊಂಡು ಟ್ರೀಟ್‌ಮೆಂಟ್. ಅಂಕಲ್‌ದು ಮಾತು ಕಡಿಮೆ. ನಮ್ಮತ್ತೆಯನ್ನು ಕಂಡರೆ ಮಾತ್ರ, ಹಿಂದೆ ಕಲಿತ ಮೈಸೂರು ಕನ್ನಡದಲ್ಲಿ ಊಟ ಆಯಿತೇ ಎಂದು ವಿಚಾರಿಸುತ್ತಿದ್ದರು.

ಆ ವರ್ಷ ಅವರ ದೇಶದಲ್ಲಿ ಜನ ಬೀದಿಗಿಳಿದರು, ಸರ್ಕಾರ ಬಿತ್ತು. ಒಂದು ಮಧ್ಯಾಹ್ನ ಆಂಟಿ ಬೆಂಚಿನಲ್ಲಿ ಮುಖ ಮುಚ್ಚಿಕೊಂಡು ಕೂತಿದ್ದರು. ಚುನಾವಣೆ ಆಗುವವರೆಗೆ ಮಧ್ಯಂತರ ಸರ್ಕಾರ ನಡೆಸಲು ಎಲ್ಲ ಪಕ್ಷಗಳೂ ಒಪ್ಪಿದ್ದು ಅಂಕಲ್ ಹೆಸರನ್ನಂತೆ.

"ಗಟ್ಟಿಯಾಗಿದ್ದಾಗ ಜೈಲಿಗೆ ಹಾಕಿದ್ರು. ಈಗ ಸಾಯೋ ಹೊತ್ತಲ್ಲಿ ಪ್ರಧಾನಿ ಮಾಡ್ತಾರಂತೆ," ಎಂದರು.

ಹೋಗುವುದು ಬೇಡವೇ ಬೇಡ ಎಂದು ಡಾಕ್ಟರ್ ಹೇಳಿದ್ದರು. ನೀನಾದರೂ ಹೇಳಮ್ಮ ಎಂದು ಆಂಟಿ ನನ್ನ ಕೈ ಹಿಡಿದುಕೊಂಡರು. ಅಂಕಲ್ ಹೊರಗೆ ಬಂದಾಗ ಧೈರ್ಯ ಮಾಡಿ, ಹೋಗಬೇಡಿ ಎಂದೆ. ಅವರು ನನ್ನನ್ನಲ್ಲ, ಹೆಂಡತಿಯನ್ನು ನೋಡಿದರು.

"ಜೀವನಪೂರ್ತಿ ನ್ಯಾಯವಾಗಿ ಚುನಾವಣೆ ನಡೆಸಿ ಅಂತ ಕೂಗ್ದೆ. ಈಗ ನೀನೇ ನಡೆಸು ಅಂತಿದ್ದಾರೆ. ಯಾವ ಬಾಯಲ್ಲಿ ಇಲ್ಲ ಅನ್ಲಿ?"

ಆಂಟಿ ಬಗ್ಗಿ ಅವರ ಚಪ್ಪಲಿಯ ಪಟ್ಟಿ ಹಾಕಿದರು. ಅದೇ ವಾರ ಇಬ್ಬರೂ ಹೊರಟುಹೋದರು.

ಆಮೇಲೆ ಅಂಕಲ್‌ರನ್ನು ನೋಡಿದ್ದು ಟಿವಿಯಲ್ಲಿ. ಪ್ರತಿ ಸಲ ಕಂಡಾಗಲೂ ಕತ್ತು ಇನ್ನಷ್ಟು ಸಣ್ಣಗಾಗಿರುತ್ತಿತ್ತು. ಕೆಲಸದ ಗಡಿಬಿಡಿಯಲ್ಲಿ ಡಯಾಲಿಸಿಸ್ ತಪ್ಪಿಸುತ್ತಿದ್ದಾರೆ ಎಂದು ಆಂಟಿ ಮೆಸೇಜ್ ಮಾಡುತ್ತಿದ್ದರು. ಚುನಾವಣೆಗೆ ತಮಗೆ ಬೇಕಾದ ಅಧಿಕಾರಿಗಳನ್ನು ಹಾಕಿಕೊಡಿ ಎಂದು ಅವರ ಪಕ್ಷದವರೇ ಪೀಡಿಸಿದರಂತೆ. ಅಂಕಲ್ ಒಪ್ಪಲಿಲ್ಲ. ಚುನಾವಣೆ ಶಾಂತವಾಗಿ ನಡೆಯಿತು, ಅವರ ಪಕ್ಷ ಸೋತಿತು. ದ್ರೋಹಿ ಎಂದು ಪಕ್ಷದವರೇ ಅಂಕಲ್ ಮನೆಗೆ ಕಲ್ಲು ಹೊಡೆದರು. ಅಂಕಲ್ ಗೆದ್ದವರಿಗೆ ಅಧಿಕಾರ ಒಪ್ಪಿಸಿ ನೇರ ಆಸ್ಪತ್ರೆಗೆ ಹೋದವರು ವಾಪಸ್ ಬರಲಿಲ್ಲ.

ಕೆಲವು ತಿಂಗಳ ನಂತರ ಆಂಟಿ ಮಗಳ ಮನೆಗೆ ಬಂದರು. ಅತ್ತೆಯನ್ನು ನೋಡಲು ನಮ್ಮ ಮನೆಗೂ ಬಂದರು. ಕಾಫಿ ಮುಟ್ಟಲಿಲ್ಲ.

"ಗೆದ್ದೋರು ಹಾರ ಕಳಿಸಿದ್ರು. ನಮ್ಮ ಪಾರ್ಟಿಯವರು ಒಬ್ಬರೂ ಮಣ್ಣಿಗೆ ಬರ್ಲಿಲ್ಲ," ಎಂದರು. ಅವರನ್ನು ಕಳಿಸಿಕೊಟ್ಟೆನಲ್ಲ ಅಂತ ಬೇಜಾರಿದೆಯಾ ಎಂದು ಅತ್ತೆ ಮೆಲ್ಲಗೆ ಕೇಳಿದರು.

"ನಾನು ಕಳಿಸ್ಲಿಲ್ಲ. ಅವರು ಹೋದ್ರು."

ಆ ಚುನಾವಣೆಯ ದಿನ ಟಿವಿಯಲ್ಲಿ ಮತದಾರರ ಉದ್ದನೆಯ ಸಾಲು ತೋರಿಸಿದ್ದರು. ಮಗುವನ್ನು ಸೊಂಟದ ಮೇಲೆ ಕೂರಿಸಿಕೊಂಡ ಹೆಂಗಸೊಬ್ಬಳು ಬಿಸಿಲಲ್ಲಿ ನಗುತ್ತ ನಿಂತಿದ್ದಳು. ಅವಳು ನೆನಪಾದಾಗ ಅಂಕಲ್ ಹೋಗಿದ್ದೇ ಸರಿ ಅನ್ನಿಸುತ್ತದೆ. ಆಂಟಿಯ ಮುಖ ನೆನಪಾದಾಗ ಹಾಗನ್ನಿಸುವುದಿಲ್ಲ.