ತಪಕೀರಿನ ಮರೆಯಲ್ಲಿ

ಬ್ಯಾಡಗಿಯಲ್ಲಿ ತಪಕೀರಿನ ಚಟ ಮುಚ್ಚಿಡುವುದು ಬಲು ಸುಲಭ. ಮೆಣಸಿನಕಾಯಿ ಸುಗ್ಗಿಯಲ್ಲಿ ಊರಿಗೆ ಊರೇ ಸೀನುತ್ತದೆ. ಆ ಗದ್ದಲದಲ್ಲಿ ನನ್ನ ನಶ್ಯದ ಸೀನನ್ನು ಗುರುತು ಹಿಡಿಯುವವರು ಯಾರು? ದಲಾಲಿ ಅಂಗಡಿಯ ಗಾದಿಯ ಮೇಲೆ ಕೂತು, ಪಾಪದ ಮೆಣಸಿನಕಾಯಿಯ ಮೇಲೆ ಅಪವಾದ ಹೊರಿಸಿ ಹಾಯಾಗಿದ್ದೆ.

ಹೆಂಡತಿಯ ಮುಂದೆ ಮಾತ್ರ ಈ ಆಟ ನಡೆಯುತ್ತಿರಲಿಲ್ಲ. ಎಂಬತ್ತರ ದಶಕದ ಕೊನೆಯ ಒಂದು ಆಷಾಢದಲ್ಲಿ ನನ್ನ ಮೂಗಿನಿಂದ ರಕ್ತ ಬರತೊಡಗಿತು. ಚಟ ಬಿಡಿಸಲೆಂದು ಅವಳು ರಾಣೆಬೆನ್ನೂರಿಗೆ ವಾರಕ್ಕೊಮ್ಮೆ ಬರುತ್ತಿದ್ದ ಮನಸ್ಸಿನ ಡಾಕ್ಟರರ ಬಳಿಗೆ ನನ್ನನ್ನು ಎಳೆದೊಯ್ದಳು. ಬೆಂಚಿನ ತುಂಬ ಕುಡುಕರು. ಅವರ ನಡುವೆ, ನನ್ನದು ಮಡಿವಂತ ಚಟ ಎಂದು ಬೀಗುತ್ತ ಕೂತೆ.

"ನನಗ ಚಟಾ ಗಿಟಾ ಏನಿಲ್ರಿ. ಮೆಣಸಿನಕಾಯಿ ಘಾಟು," ಎಂದೆ.

"ಆಷಾಢದಾಗ ಎಲ್ಲಿ ಮೆಣಸಿನಕಾಯಿರಿ?" ಎಂದರು ಡಾಕ್ಟರರು. ಹೆಂಡತಿ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಕ್ಕಳು.

"ತಪಕೀರಿನ ಡಬ್ಬಿ ಬಿಡ್ರಿ ಅನ್ನೂದಿಲ್ಲ ನಾ. ಡಬ್ಬಿ ತಗದಾಗ ಎದುರಿಗೆ ಯಾರಿದ್ರು, ಏನು ಕೇಳಿದ್ರು, ಅಷ್ಟ ನೆನಪಿಟ್ಟು ಬರ್ರಿ. ಕನಸು ಬಿದ್ರ ಅದನ್ನೂ ಹೇಳ್ರಿ," ಎಂದರು ಡಾಕ್ಟರರು.

ಇಂಥ ಡಾಕ್ಟರಿಕೆ ಯಾರಿಗೆ ಬೇಡ? ಖುಷಿಯಿಂದ ಏರಿಸುತ್ತ ಗಮನಿಸಿದೆ. ಖುಷಿ ಬಹಳ ದಿನ ಉಳಿಯಲಿಲ್ಲ. ಗಿರಾಕಿ ಎದುರಿಗಿದ್ದಾಗ ಡಬ್ಬಿ ನೆನಪಾಗುತ್ತಲೇ ಇರಲಿಲ್ಲ. "ಹಾವೇರಿಗೆ ಹೋಗಿ ಹೊಲಿಗಿ ಕಲೀಲೇನ್ರಿ?" ಎಂದು ಹೆಂಡತಿ ಕೇಳಿದ ಕೂಡಲೇ ಕೈ ತಾನಾಗಿ ಜೇಬಿಗೆ ಇಳಿಯುತ್ತಿತ್ತು. ಅವಳು ವರ್ಷಗಳಿಂದ ಅದನ್ನೇ ಕೇಳುತ್ತಿದ್ದಳು, ನಾನು ವರ್ಷಗಳಿಂದ ಸೀನುತ್ತಿದ್ದೆ.

ಆಮೇಲೆ ಕನಸು ಬಿತ್ತು. ಅಪ್ಪ ಬೈಯುತ್ತಿದ್ದಾನೆ. ಅವ್ವ ಒಂದು ಚಿಮಟಿ ಏರಿಸಿ ಸೀನಿದಳು. ಅಪ್ಪ ಸಾಕಾಗಿ ಹೊರಗೆ ಹೋದ. ಅವಳು ನಗುತ್ತ ಡಬ್ಬಿಯನ್ನು ನನ್ನ ಕಡೆ ಚಾಚಿದಳು. ಅವ್ವ ಬದುಕಿದ್ದಾಗ ದಿನವೂ ಕಂಡಿದ್ದೇ ಇದು. ತಪಕೀರು ಏರಿಸಿದವರನ್ನು ಸೀನು ಬರುವ ತನಕ ಯಾರೂ ಮಾತಾಡಿಸುವುದಿಲ್ಲ. ಸೀನು ಬಂದ ಮೇಲೆ ಕೇಳಿದ್ದು ಯಾರಿಗೂ ನೆನಪಿರುವುದಿಲ್ಲ.

"ನಿಮ್ಮವ್ವಗ ಬೈಗಳಾ ತಪ್ಪಿಸಿಕೊಳ್ಳಾಕ ಅದೊಂದ ಹಾದಿ ಇತ್ತು," ಎಂದರು ಡಾಕ್ಟರರು, ಮುಂದಿನ ಭೇಟಿಯಲ್ಲಿ ಕನಸು ಕೇಳಿ. "ನಿಮಗ ಈಗ ಬೈಯವ್ರು ಯಾರದಾರ್ರಿ?"

ಜೇಬು ತಡಕಿದೆ. ಡಬ್ಬಿ ಹೊರಗೆ ಬೆಂಚಿನ ಮೇಲೆ ಕೂತ ಹೆಂಡತಿಯ ಕೈಯಲ್ಲಿತ್ತು. ಆ ಮನುಷ್ಯನ ಮೇಲೆ ಅಂದು ಬಂದಷ್ಟು ಸಿಟ್ಟು ನನಗೆ ಯಾರ ಮೇಲೂ ಬಂದಿಲ್ಲ.

ಚಟ ಆ ದಿನವೇ ಬಿಡಲಿಲ್ಲ. ತಲೆ ಸಿಡಿಯಿತು, ಹಮಾಲರ ಮೇಲೆಲ್ಲ ಹರಿಹಾಯ್ದೆ. ದೀಪಾವಳಿಯ ಹೊತ್ತಿಗೆ ಹೆಂಡತಿ ಮತ್ತೆ ಹೊಲಿಗೆಯ ಮಾತು ತೆಗೆದಳು. ಚಿಮಟಿ ಮೂಗಿನ ತನಕ ಬಂದಿತ್ತು. ತಿರುಗಿ ಡಬ್ಬಿಗೆ ಹಾಕಿದೆ.

"ಹೋಗು. ಮಧ್ಯಾಹ್ನದ ರೊಟ್ಟಿ ನಾ ಬಡೀತೇನಿ."

ಅವಳು ರೂಢಿಯಂತೆ ಸೀನು ಬರಲೆಂದು ಕಾಯುತ್ತಿದ್ದಳು. ಬರುವುದಿಲ್ಲ ಎಂದು ಗೊತ್ತಾದಾಗ ಹೊಸ್ತಿಲ ಬಳಿ ಕೂತು ಅತ್ತುಬಿಟ್ಟಳು.

"ಇಷ್ಟ ಹೇಳಾಕ ಇಷ್ಟು ವರ್ಷ ಬೇಕಾತೇನ್ರಿ?"

ಕೈ ಮತ್ತೆ ಜೇಬಿಗೆ ಹೋಯಿತು. ಬರಿಗೈ ಹೊರತೆಗೆದು, "ಬೇಕಾತು," ಎಂದೆ.