ಸೆಕೆ ತಾಳದ ನೆಲಪಾರಿವಾಳ

ಐರೋಲಿಯ ಆ ಫ್ಲ್ಯಾಟಿಗೆ ನಾನು ಹೋದದ್ದು ಎ.ಸಿ. ರಿಪೇರಿಗೆ. ಕೋಣೆ ತಂಪಾಗುತ್ತಿಲ್ಲ, ಪಟಪಟ ಸದ್ದು ಬೇರೆ ಅಂತ ಕಂಪ್ಲೇಂಟು. ಒಳಗೆ ಮಂಚ, ಕುರ್ಚಿ ಏನೂ ಇರಲಿಲ್ಲ. ನೆಲದ ತುಂಬ ಒಣಹುಲ್ಲು, ಮಧ್ಯೆ ಒಂದು ಬಟ್ಟಲು ಕಾಳು.

“ಫ್ಯಾನ್ ಸಡಿಲ ಆಗಿರ್ಬೇಕ್ರಿ,” ಅಂದು ಮಷೀನ್ ಬಂದ್ ಮಾಡಿ ಬಿಚ್ಚಿದೆ. ಫ್ಯಾನ್ ಗಟ್ಟಿಯಾಗಿಯೇ ಇತ್ತು. ಫಿಲ್ಟರಿಗೆ ಮಾತ್ರ ಸಣ್ಣ ಕಂದು ಪುಕ್ಕಗಳು ಮೆತ್ತಿಕೊಂಡಿದ್ದವು.

“ನಮ್ಮ ನೆಲಪಾರಿವಾಳದ್ದು,” ಅಂದರು ಮನೆಯಾಕೆ, ಮಂಗಳೂರು ಕಡೆಯವರು. “ಆಂಡಿಸ್ ಬೆಟ್ಟದ ಮೇಲಿನ ಹುಲ್ಲುಗಾವಲಿನ ಹಕ್ಕಿ. ಕೂಗುದೇ ಇಲ್ಲ, ಹಾರುವಾಗ ರೆಕ್ಕೆ ಮಾತ್ರ ಪಟಪಟ ಶಬ್ದ ಮಾಡ್ತದೆ. ಮೇ ತಿಂಗಳಲ್ಲಿ ಕರೆಂಟ್ ಹೋಯ್ತು ನೋಡಿ, ಆವತ್ತೇ ಸತ್ತುಹೋಯ್ತು.”

ಆಗ ನನಗೆ ಹೊಳೆಯಿತು. ಮಷೀನ್ ಬಂದಾಗಿ ಎಷ್ಟೋ ಹೊತ್ತಾಗಿದೆ, ಸದ್ದು ನಿಂತಿಲ್ಲ. ಮೊಣಕಾಲೆತ್ತರದಲ್ಲಿ ಗೋಡೆಯಿಂದ ಗೋಡೆಗೆ ಸುತ್ತುತ್ತಿದೆ.

“ಬೇಗ ಹಾಕಿ ಮಾರಾಯ್ರೆ,” ಆಕೆ ಪಿಸುಗುಟ್ಟಿದರು. “ಅದಕ್ಕೆ ಸೆಕೆ ಆಗ್ತದೆ.”

ಬೇಗಬೇಗ ಫಿಲ್ಟರ್ ತೊಳೆದು ಕೂರಿಸಿ ಎ.ಸಿ. ಹಾಕಿದೆ. ತಣ್ಣನೆ ಗಾಳಿ ನೆಲಕ್ಕಿಳಿಯಿತು. ಏನೋ ಹಗುರಾದದ್ದು ಬಂದು ಕೂತಂತೆ ಹುಲ್ಲು ಒಂದು ಕಡೆ ಮೆಲ್ಲಗೆ ತಗ್ಗಿತು. ಸದ್ದು ನಿಂತಿತು.

ಆಫೀಸಿಗೆ ‘ಸದ್ದು ಬಂದಾಯಿತು, ಕಸ್ಟಮರ್ ಖುಷಿ’ ಅಂತ ಮೆಸೇಜ್ ಹಾಕಿದೆ. ಯಾವ ಕಸ್ಟಮರ್ ಅಂತ ನಾನೂ ಬರೆಯಲಿಲ್ಲ, ಅವರೂ ಕೇಳಲಿಲ್ಲ.