ಖಾಲಿ ತುಣುಕು

ಫೈಲ್ ಕಳಿಸುವ ಸಾಫ್ಟ್‌ವೇರ್ ಲೈಬ್ರರಿಯೊಂದನ್ನು ನಾನು ಆಳಂದದಲ್ಲಿ ಕೂತು ಬರೆದು ಎಲ್ಲರ ಬಳಕೆಗೂ ಬಿಟ್ಟಿದ್ದೆ. ಜೇವರ್ಗಿಯ ತಂತ್ರಜ್ಞರೊಬ್ಬರು ಅದನ್ನು ಬಳಸಿ ಕುಡಿಯುವ ನೀರಿನ ಘಟಕದ ನಿಯಂತ್ರಣ ಪೆಟ್ಟಿಗೆಗೆ ಹೊಸ ಸಾಫ್ಟ್‌ವೇರ್ ತುಂಬುತ್ತಿದ್ದಾಗ ಫೋನ್ ಮಾಡಿದರು.

"ಫೈಲ್ ಪೂರಾ ಹೋಗೇದ್ರಿ. ಆದ್ರ ಪೆಟ್ಟಿಗಿ ಇನ್ನೂ ಕಾಯಾಕತ್ತದ. ಬಂದ್ ಮಾಡ್ಲೇನ್ರಿ?"

"ಬ್ಯಾಡ್ರಿ!" ಎಂದು ಕೂಗಿದೆ. ಈಗ ಆರಿಸಿದರೆ ಪೆಟ್ಟಿಗೆ ಮತ್ತೆ ಏಳುವುದಿಲ್ಲ, ಓಣಿಗೆ ನೀರಿಲ್ಲ.

ಫೈಲು ಐನೂರ ಹನ್ನೆರಡು ಬೈಟುಗಳ ತುಣುಕುಗಳಾಗಿ ಹೋಗುತ್ತದೆ. ಅದಕ್ಕಿಂತ ಚಿಕ್ಕ ತುಣುಕು ಬಂದರೆ ಮುಗಿಯಿತೆಂದು ಅರ್ಥ. ಫೈಲಿನ ಗಾತ್ರ ಐನೂರ ಹನ್ನೆರಡರಿಂದ ಶೇಷವಿಲ್ಲದೆ ಭಾಗವಾದರೆ ಕೊನೆಗೊಂದು ಖಾಲಿ ತುಣುಕು ಕಳಿಸಬೇಕು. ಖಾಲಿಯದನ್ನು ಕಳಿಸುವುದೇಕೆಂದು ನಾನು ಕೋಡಿನ ಆ ಸಾಲನ್ನು ಅಳಿಸಿದ್ದೆ. ಈ ಫೈಲು ಹಾಗೆ ಸರಿಯಾಗಿ ಭಾಗವಾಗಿರಬೇಕೆಂದು ಅವರಿಗೆ ವಿವರಿಸಿದೆ.

"ಅಂದ್ರ 'ಇಡ್ತೇನ್ರಿ' ಅನ್ನಲಾರದ ಫೋನ್ ಇಟ್ಟಂಗಾತಲ್ರಿ," ಎಂದು ಅವರು ನಕ್ಕರು. ಅದು ನಗುವ ಹೊತ್ತಲ್ಲ. ಆ ನಗುವನ್ನು ನಾನೇ ಆಮೇಲೆ ನೆನಪಿಗೆ ಸೇರಿಸಿರಬಹುದು.

ಅವರ ಲ್ಯಾಪ್‌ಟಾಪಿನಲ್ಲಿ ಪ್ರೋಗ್ರಾಂ ಇನ್ನೂ ತೆರೆದಿತ್ತು. ಖಾಲಿ ತುಣುಕು ಕಳಿಸುವ ಸಾಲನ್ನು ಅಕ್ಷರ ಅಕ್ಷರವಾಗಿ ಹೇಳಿದೆ. ಒಂದೊಂದಕ್ಕೂ "ಹೂಂ" ಎಂದರು. ಕೊನೆಯ ಹೂಂ ಆದಮೇಲೆ ಘಟಕದ ಮೋಟಾರು ಗುಂಯ್‌ಗುಟ್ಟಿದ್ದು ಕೇಳಿಸಿತು.

"ಬಂತ್ರಿ, ನೀರು ಬಂತು!" ಎಂದವರೇ ಫೋನ್ ಇಟ್ಟುಬಿಟ್ಟರು. "ಇಡ್ತೇನ್ರಿ" ಅನ್ನಲಿಲ್ಲ. ನಾನು ಫೋನನ್ನು ಕಿವಿಗೆ ಹಿಡಿದೇ ನಿಂತಿದ್ದೆ.